ಬೇಲಿ ದಾಟಿದರೆ ತೋರಾ

“ಯಾರದು, ನನ್ನ ಕರೆದಿದ್ದು?”

ಅಡುಗೆಮನೆಯಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಒಲೆಯ ಮೇಲೆ ಕಾವಲಿ ಕಾಯುತ್ತಿತ್ತು. ಹಿಟ್ಟಿನ ಬೋಗುಣಿಯಲ್ಲಿ ಸೌಟು ಓರೆಯಾಗಿ ನಿಂತಿತ್ತು. ಕಿಟಕಿಯ ಪರದೆ ಸರೋವರದ ಗಾಳಿಗೆ ಒಮ್ಮೆ ಉಬ್ಬಿ ತೆಪ್ಪಗಾಯಿತು. ತೋರಾ ಬ್ಯಾರ್ನಾಸನ್ ಸೌಟಿಗೆ ಚಾಚಿದ ಕೈಯನ್ನು ಹಾಗೇ ನಿಲ್ಲಿಸಿ ಕಿವಿಗೊಟ್ಟಳು. ಕಿವಿಗೆ ಎಪ್ಪತ್ತೊಂಬತ್ತು ವರ್ಷ. ಅದರ ಹಿಂದೆ ಸಿಕ್ಕಿಸಿದ್ದ ಯಂತ್ರಕ್ಕೆ ಇನ್ನೂ ಒಂಬತ್ತು ದಿನ.

“ತೋರಾ!”

ಇನ್ನೊಂದು ಸಲ. ಗಂಡಸಿನ ದನಿ, ಹಿತ್ತಿಲಿನ ಕಡೆಯಿಂದ. ಸ್ಟೈನಿ ಕರೆಯುತ್ತಿದ್ದುದೂ ಹೀಗೆಯೇ. ಮೊದಲಕ್ಷರವನ್ನು ಎಳೆದು ಎರಡನೆಯದನ್ನು ಎಸೆದುಬಿಡುತ್ತಿದ್ದ. ಬಲೆ ತೊಳೆಯಲು ಬಿಸಿನೀರು ಬೇಕಾದರೆ ಹಾಗೆ, ಕನ್ನಡಕ ಸಿಗದಿದ್ದರೆ ಹಾಗೆ, ಏನೂ ಬೇಡವಾದಾಗಲೂ ಹಾಗೆ. ಆದರೆ ಸ್ಟೈನಿ ತೀರಿಕೊಂಡು ಬರುವ ಅಕ್ಟೋಬರ್‌ಗೆ ಎರಡು ವರ್ಷ. ಚರ್ಚಿನ ಹಿಂದಿನ ದಿಬ್ಬದಲ್ಲಿ, ಐವತ್ತು ವರ್ಷ ಮೀನು ಹಿಡಿದ ಸರೋವರಕ್ಕೆ ಮುಖ ಮಾಡಿ ಮಲಗಿದ್ದ. ತೋರಾಗೆ ಅದು ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಬಾಯಿ ತಾನಾಗಿ “ಬಂದೆ, ಬಂದೆ” ಎಂದಿತು. ಒಲೆ ಆರಿಸಿ, ಏಪ್ರನ್ನಿಗೆ ಕೈ ಒರೆಸಿ, ಹೋದ ವರ್ಷ ಹೊಸದಾಗಿ ಕೂರಿಸಿದ ಸೊಂಟದ ಕೀಲನ್ನು ಜೋಪಾನ ಮಾಡುತ್ತ ಹಿಂದಿನ ಮೂರು ಮೆಟ್ಟಿಲು ಇಳಿದಳು.

ಹಿತ್ತಿಲಲ್ಲಿ ಯಾರೂ ಇರಲಿಲ್ಲ. ಇದ್ದವರೆಲ್ಲ ಬೇಲಿಯಾಚೆ. ಚಳಿಗಾಲದಲ್ಲಿ ಮಕ್ಕಳು ಹಾಕಿ ಆಟ ಆಡುವ, ಮಂಜುಗಡ್ಡೆಯ ಬಯಲು ರಿಂಕು ಅದು. ಮಂಜುಗಡ್ಡೆ ಕರಗಿದ ಮೇಲೆ ಅದೇ ಸಿಮೆಂಟು ನೆಲಕ್ಕೆ ಹಸಿರು ಬಳಿದು, ಬಿಳಿ ಗೆರೆ ಎಳೆದು, ನಾಲ್ಕು ಅಂಕಣ ಮಾಡಿ, ಸೊಂಟದೆತ್ತರಕ್ಕೆ ಬಲೆ ಕಟ್ಟಿದ್ದರು. ಸ್ಯಾಂಡ್‌ವಿಕ್ ಊರಿನ ಅರ್ಧಕ್ಕರ್ಧ ಪಿಂಚಣಿದಾರರು ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಹಾಜರು. ಕೈಯಲ್ಲಿ ಪುಟ್ಟ ಮಣೆಯಂಥ ಬ್ಯಾಟು, ಮೈಯೆಲ್ಲ ತೂತಿನ ಹಳದಿ ಪ್ಲಾಸ್ಟಿಕ್ ಚೆಂಡು. ಪಿಕಲ್‌ಬಾಲ್ ಅಂತೆ. ಉಪ್ಪಿನಕಾಯಿ ಚೆಂಡು! ಯಾವ ಪುಣ್ಯಾತ್ಮ ಇಟ್ಟ ಹೆಸರೋ.

ಅವರಲ್ಲಿ ಒಬ್ಬರೂ ಅವಳ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಎಲ್ಮರ್ ಹ್ಯಾಲ್ಡೇನನ್ನು ನೋಡಿ ನಗುತ್ತಿದ್ದರು. ಹಾರ್ಡ್‌ವೇರ್ ಅಂಗಡಿಯನ್ನು ಮಗಳಿಗೆ ವಹಿಸಿ ನಿವೃತ್ತನಾದ ಎಲ್ಮರ್, ಆರಡಿ ನಾಲ್ಕಂಗುಲದ ಆಸಾಮಿ, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ. ತೋರಾಳ ರೂಬಾರ್ಬ್ ಪಾತಿಯಲ್ಲಿ, ಛತ್ರಿಯಂಥ ಎಲೆಗಳ ಕೆಳಗೆ ಕೆಂಪು ದಂಟುಗಳ ನಡುವೆ, ಹಳದಿ ಚೆಂಡೊಂದು ಬಂದು ಕೂತಿತ್ತು.

ತೋರಾಗೆ ನಾಚಿಕೆಯಾಯಿತು. ಕರೆಯದೆ ಬಂದವಳ ಹಾಗೆ ಒಂದಷ್ಟು ಹೊತ್ತು ನಿಂತು, ಆಮೇಲೆ ಚೆಂಡಿಗೇ ಬಂದವಳಂತೆ ಗೋಡೆಗೆ ಒರಗಿಸಿದ್ದ ಸ್ಟೈನಿಯ ಕೈಬಲೆ ತೆಗೆದುಕೊಂಡಳು. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರು. ದೋಣಿಯ ಪಕ್ಕದಿಂದ ಮೀನೆತ್ತುವ ಹಾಗೆ ಚೆಂಡನ್ನೆತ್ತಿ, ಮೆಟ್ಟಿಲ ಪಕ್ಕದ ಮೀನಿನ ತೊಟ್ಟಿಗೆ ಹಾಕಿದಳು. ತೊಟ್ಟಿ ಆಗಲೇ ಮುಕ್ಕಾಲು ತುಂಬಿತ್ತು.

ವಾಪಸು ಎಸೆಯುವ ರೂಢಿ ಅವಳಿಗಿರಲಿಲ್ಲ. ಮೇ ತಿಂಗಳಲ್ಲಿ ಅಂಕಣ ಒಂದಿದ್ದದ್ದು ನಾಲ್ಕಾಗಿ ಅವಳ ಬೇಲಿಯ ತನಕ ಬಂದಾಗ ಶುರುವಾದ ಕೋಪ ಅದು. ಆಗ ಕಿವಿಗೆ ಯಂತ್ರ ಇರಲಿಲ್ಲ. ಮಾತು, ನಗು ಒಂದೂ ಕೇಳಿಸುತ್ತಿರಲಿಲ್ಲ. ಟಕ್, ಟೊಕ್, ಟಕ್ ಎಂಬ ಏಟು ಮಾತ್ರ ಗೋಡೆ ತೂರಿ ಬರುತ್ತಿತ್ತು. ಪುರಸಭೆಗೆ ಅವಳು ಕಾಗದ ಬರೆದಿದ್ದಳು. “ಮರಕುಟಿಗ ಹಕ್ಕಿ ನನ್ನ ತಲೆಯನ್ನೇ ಮರ ಅಂದುಕೊಂಡ ಹಾಗಿದೆ. ಆಟದ ಮೇಲೆ ನನಗೆ ಹಗೆ ಇಲ್ಲ. ನನ್ನ ಮನೆಯಲ್ಲಿ ನನಗೆ ನೆಮ್ಮದಿಯಾದ ಮೌನ ಬೇಕು, ಅಷ್ಟೇ.” ಪುರಸಭೆಯ ಕರ್ಟಿಸ್ ಬಹಳ ಮರ್ಯಾದೆಯಿಂದ ಉತ್ತರ ಬರೆದಿದ್ದ: ಬೇಲಿಯುದ್ದಕ್ಕೂ ಹನ್ನೆರಡಡಿ ಎತ್ತರದ, ಸದ್ದು ತಡೆಯುವ ಗೋಡೆಯ ವಿಚಾರ ಸಭೆಯ ಮುಂದಿದೆ.

ಅದಾದ ಮೇಲೆ ಕಿವಿಗೆ ಯಂತ್ರ ಬಂತು. ಜುಲೈ ಸೆಕೆಗೆ ಕಿಟಕಿ ತೆರೆದಳು. ತೆರೆದ ಮೊದಲ ದಿನವೇ ಹೀಗೆ ಯಾರೋ ಹೆಸರು ಹಿಡಿದು ಕರೆದರು.

ಮರುದಿನವೂ ಕರೆದರು. ಅದರ ಮರುದಿನ ನಾಲ್ಕು ಸಲ. ಗಂಡಸಿನ ದನಿ, ಹೆಂಗಸಿನ ದನಿ, ಒಮ್ಮೊಮ್ಮೆ ಏಳೆಂಟು ದನಿ ಒಟ್ಟಿಗೆ, ಹಿಂದೆಯೇ ನಗು. ತೋರಾ ಯಂತ್ರ ಕೊಟ್ಟ ಅಂಗಡಿಗೆ ಫೋನು ಮಾಡಿದಳು.

“ಈ ಯಂತ್ರ ಹೆಸರು ಹಿಡಿದು ಕರೆಯುತ್ತೇನಮ್ಮಾ?”

“ಏನಂದ್ರಿ?”

“ಇಟ್ಕೊಂಡೋರ ಹೆಸರು. ಕರೆಯುತ್ತಾ?”

ಆ ಕಡೆಯ ಹುಡುಗಿ ಸ್ವಲ್ಪ ಯೋಚಿಸಿ, “ಇಲ್ಲ ಮೇಡಂ. ಬ್ಯಾಟರಿ ಮುಗಿಯೋವಾಗ ಟಿಂಗ್ ಅನ್ನುತ್ತೆ. ಅಷ್ಟು ಬಿಟ್ರೆ ಅದಕ್ಕೆ ಮಾತು ಬರಲ್ಲ” ಎಂದಳು.

ಹಾಗಾದರೆ ಜನರೇ ಕರೆಯುತ್ತಿದ್ದಾರೆ. ಯೋಚಿಸಿ ನೋಡಿದರೆ ಅದರಲ್ಲೇನೂ ವಿಚಿತ್ರ ಇರಲಿಲ್ಲ. ಸ್ಯಾಂಡ್‌ವಿಕ್‌ನವರು ಎದುರಿಗೆ ಸಿಕ್ಕರೆ ಹವಾಮಾನದ ವಿಷಯ ಬಿಟ್ಟು ಬೇರೆ ಬಾಯಿ ಬಿಡುವವರಲ್ಲ. ಬೇಲಿ ಅಡ್ಡ ಇದ್ದರೆ ಧೈರ್ಯ ಬರುತ್ತದೆ. ಹೀಗೆ ಕೂಗಿ ಕುಶಾಲು ಮಾಡುತ್ತಿದ್ದಾರೆ, ಬಾ ಎನ್ನುತ್ತಿದ್ದಾರೆ. ಕಾಗದ ಬರೆದವಳ ಮೇಲೆ ಅವರಿಗೆ ಸಿಟ್ಟಿಲ್ಲ!

ಅವಳನ್ನು ತೋರಾ ಎಂದು ಬರಿಯ ಹೆಸರಿನಿಂದ ಕರೆಯುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಚರ್ಚಿನವರಿಗೆ ಅವಳು ಮಿಸೆಸ್ ಬ್ಯಾರ್ನಾಸನ್. ಸೆಲ್ಕರ್ಕ್‌ನಲ್ಲಿರುವ ಅಕ್ಕನ ಮಗಳಿಗೆ ಚಿಕ್ಕಮ್ಮ. ಹೋದ ಬೇಸಿಗೆ ಪೂರ್ತಿ ಸೊಂಟದ ಆಪರೇಷನ್ ಆಗಿ ತೋರಾ ಆ ಮಗಳ ಮನೆಯಲ್ಲೇ ಇದ್ದದ್ದು. ಊರಿನ ಚಿಕ್ಕವರಿಗೆಲ್ಲ ಅಮ್ಮ. ಐಸ್‌ಲ್ಯಾಂಡಿನಿಂದ ಬಂದ ಆ ಜನರ ಬಾಯಲ್ಲಿ ಅಮ್ಮ ಎಂದರೆ ಅಜ್ಜಿ. ಮಕ್ಕಳಿಲ್ಲದ ತೋರಾ ಹಾಗೆ ಊರಿಗೆಲ್ಲ ಅಜ್ಜಿಯಾಗಿದ್ದಳು. ಸಲುಗೆಯಿಂದ ತೋರಾ ಎನ್ನುತ್ತಿದ್ದವರು ಒಬ್ಬೊಬ್ಬರಾಗಿ ದಿಬ್ಬ ಹತ್ತಿದ್ದರು. ಕೊನೆಯವನು ಸ್ಟೈನಿ.

ಆ ವಾರವೆಲ್ಲ ಅವಳು ಒಂಬತ್ತಕ್ಕೆ ಮೊದಲೇ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡಳು. ಮನೆಯಲ್ಲಿ ಹಾಕಿಕೊಳ್ಳುವ ಕಂದು ಸ್ವೆಟರ್ ಬಿಟ್ಟು ನೀಲಿಯದನ್ನು ತೊಟ್ಟಳು. “ತೋರಾ!” ಎಂದು ಕೂಗು ಬಿದ್ದಾಗಲೆಲ್ಲ ಆಲೂಗಡ್ಡೆ ಸುಲಿಯುತ್ತ ಮೆಲ್ಲಗೆ “ಇಲ್ಲೇ ಇದೀನಿ” ಎನ್ನುತ್ತಿದ್ದಳು. ಟಕ್‌ಟೊಕ್ ಶಬ್ದ ಯಾವಾಗ ಕಿವಿಯಿಂದ ಮರೆಯಾಯಿತೋ ಅವಳಿಗೇ ತಿಳಿಯಲಿಲ್ಲ.

ಶನಿವಾರ ಏಳು ಪದರದ ಕೇಕು ಮಾಡಿದಳು. ಪದರ ಪದರಕ್ಕೂ ಒಣ ಪ್ಲಮ್ ಹಣ್ಣಿನ ಪಾಕ ಸವರಿ, ಏಲಕ್ಕಿ ಹಾಕಿ ಮಾಡುವ ಈ ವೀನಾರ್‌ಟರ್ಟಾ ಅವಳ ಜನ ಹಬ್ಬಕ್ಕೆ ಮಾತ್ರ ಮಾಡುವುದು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಕೆಳಗಿನ ಹಾಲಿನಲ್ಲಿ ಕಾಫಿ ಕೊಡುತ್ತಾರಲ್ಲ, ಅಲ್ಲಿ ಪಿಕಲ್‌ಬಾಲಿನವರು ಕೂರುವ ಮೇಜಿಗೆ ಅದನ್ನು ತಾನೇ ಒಯ್ಯಬೇಕು. ‘ನೀವು ಕರೆದಿದ್ದು ಕೇಳಿಸ್ತು’ ಎಂದು ಹೇಳಬೇಕು. ಅಷ್ಟು ಸಾಕು, ಹೆಚ್ಚಿಗೆ ಮಾತು ಬೇಡ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಳು.

ತಟ್ಟೆ ಹಿಡಿದು ಅವಳು ಮೇಜಿನ ಬಳಿ ಬಂದಾಗ ಎಲ್ಮರ್‌ನ ಅಗಲವಾದ ಬೆನ್ನು ಅವಳ ಕಡೆಗಿತ್ತು.

“ನಿನ್ನೆ ಒಂದೇ ಆಟದಲ್ಲಿ ಮೂರು ತೋರಾ ಮಾಡ್ದೆ ಕಣ್ರೀ,” ಎನ್ನುತ್ತಿದ್ದ ಅವನು.

“ನಿಂದು ತೋಳಲ್ಲ ಎಲ್ಮರ್, ಕವಣೆ,” ಎಂದಳು ಎದುರಿಗಿದ್ದ ಡೋರೀನ್ ಕೊವಾಲ್ಚುಕ್. ಇಪ್ಪತ್ತೆಂಟು ವರ್ಷ ಶಾಲೆ ಬಸ್ಸು ಓಡಿಸಿದ ಹೆಂಗಸು. ಹಿಂದಿನ ಸೀಟಿಗೆ ಕೇಳಿಸುವ ಹಾಗೆ ಮಾತಾಡುವುದು ಇನ್ನೂ ಬಿಟ್ಟಿರಲಿಲ್ಲ. “ತೋರಾ ಮಾಡೋಕೇ ಹುಟ್ಟಿದೀಯ ನೀನು.”

ಹೊರಗಿನಿಂದ ಬಂದಿದ್ದ ಯಾವನೋ ನೆಂಟ ಕೇಳಿದ, “ತೋರಾ ಅಂದ್ರೇನು?”

“ಬೇಲಿ ದಾಟೋದು,” ಎಂದ ಎಲ್ಮರ್. “ಪಕ್ಕದ ಮನೆಗೆ. ಆ ಕಡೆ ಹೋಯ್ತೋ, ಮುಗೀತು. ತಿರುಗಿ ಬಂದಿದ್ದು ಅಂತ ಇಲ್ಲ. ಅದಕ್ಕೇ ಎಲ್ರೂ ತೋರಾ ಅಂತ ಬೊಬ್ಬೆ ಹೊಡೀತೀವಿ.”

ಡೋರೀನ್‌ಳ ಕಣ್ಣು ಎಲ್ಮರ್‌ನ ಹೆಗಲಾಚೆಗೆ ಹೋಗಿ ಅಲ್ಲೇ ನಿಂತಿತು. “ಅಯ್ಯೋ ದೇವರೇ,” ಎಂದಳು, ಈ ಸಲ ಪಿಸುದನಿಯಲ್ಲಿ.

ಎಲ್ಮರ್ ತಿರುಗಿದ. ಕಿವಿಯ ತುದಿಯಿಂದ ಶುರುವಾಗಿ ಕುತ್ತಿಗೆಯವರೆಗೆ ಕೆಂಪಾದ. ‘ಸಾರಿ’ ಎಂದ. ಡೋರೀನ್ ‘ಸಾರಿ’ ಎಂದಳು. ಏನೂ ಮಾಡದ ನೆಂಟ ‘ಸಾರಿ’ ಎಂದ. ಪಕ್ಕದ ಮೇಜಿನವರೂ ಹೇಳಿದರು. ಕಾಫಿ ಬಗ್ಗಿಸುತ್ತಿದ್ದ ಪಾದ್ರಿಗಳು ಏನಾಯಿತೆಂದು ತಿಳಿಯದೆಯೇ ದೂರದಿಂದ ತಾವೂ ಒಂದು ‘ಸಾರಿ’ ಸೇರಿಸಿದರು.

“ಕೇಕು ತಗೊಳ್ಳಿ,” ಎಂದಳು ತೋರಾ. ತಟ್ಟೆಯನ್ನು ಮೇಜಿನ ನಡುವೆ ಇಟ್ಟಳು. “ಏಳು ಪದರ ಇದೆ.”

ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಹಾಗೇ ನುಂಗಿಕೊಂಡು ಮನೆಗೆ ನಡೆದಳು. ನೀಲಿ ಸ್ವೆಟರನ್ನು ಮಡಿಚಿ ಪೆಟ್ಟಿಗೆಯ ತಳಕ್ಕಿಟ್ಟಳು. ಕಿವಿಯ ಯಂತ್ರ ತೆಗೆದು ಅದರ ಡಬ್ಬಿಯಲ್ಲಿಟ್ಟಳು. ತೋರಾ ಎಂದರೆ ಕೈತಪ್ಪಿ ಹೋದದ್ದು. ಇನ್ನು ಬಾರದ್ದು. ಒಂದು ಲೆಕ್ಕಕ್ಕೆ ಸರಿಯೇ, ಎಂದುಕೊಂಡಳು. ಸರಿ ಎಂದುಕೊಂಡ ಮೇಲೆ ಇನ್ನಷ್ಟು ನೋವಾಯಿತು.

ಸೋಮವಾರ ಬೆಳಿಗ್ಗೆ ಯಂತ್ರ ಸಿಕ್ಕಿಸಿಕೊಳ್ಳಬಾರದೆಂದೇ ಇದ್ದಳು. ಒಂಬತ್ತೂವರೆಗೆ, ಫೋನು ಬಂದರೆ ಕೇಳಿಸಬೇಕಲ್ಲ ಎಂಬ ನೆಪ ಮಾಡಿಕೊಂಡು ಸಿಕ್ಕಿಸಿಕೊಂಡಳು.

ಟಕ್, ಟೊಕ್, ಟಕ್. ಆಮೇಲೆ ಜೋರಾಗಿ ಒಂದು ಏಟು. ರೂಬಾರ್ಬ್ ಎಲೆಗಳ ಮೇಲೆ ಏನೋ ಧೊಪ್ಪನೆ ಬಿತ್ತು. ತೋರಾಳ ಕೈ ತಾನಾಗಿ ನಿಂತಿತು.

ಯಾರೂ ಕೂಗಲಿಲ್ಲ. ಹೆಸರು ಇರಬೇಕಾದ ಜಾಗ ಖಾಲಿ ಇತ್ತು; ಹಲ್ಲು ಬಿದ್ದ ಜಾಗವನ್ನು ನಾಲಿಗೆ ಹುಡುಕುವ ಹಾಗೆ ಅವಳ ಕಿವಿ ಅಲ್ಲೇ ಹುಡುಕಿತು. ಯಾರೋ “ಶ್‌ಶ್” ಎಂದರು. ಆಟ ಮುಂದುವರಿಯಿತು. ಮಂಗಳವಾರವೂ ಹಾಗೆಯೇ. ನಗುವೂ ಇಲ್ಲ. ಮೇ ತಿಂಗಳಲ್ಲಿ ಅವಳು ಕಾಗದ ಬರೆದು ಕೇಳಿದ್ದ ಮೌನ ಕೊನೆಗೂ ಬಂದಿತ್ತು, ಚೆನ್ನಾಗಿ ಇಸ್ತ್ರಿ ಮಾಡಿಸಿಕೊಂಡು ಬಂದಂತೆ.

ಆ ದಿನ ಅವಳಿಗೆ ಅಜ್ಜನ ನೆನಪಾಯಿತು. ಚಳಿಗಾಲದ ಸಂಜೆಗಳಲ್ಲಿ ಅಜ್ಜ ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತ ಪದ್ಯ ಹೇಳುತ್ತಿದ್ದ. ಹಳೆಯವು ಮುಗಿದರೆ ತಾನೇ ಕಟ್ಟುತ್ತಿದ್ದ. ಅದರಲ್ಲಿ ಊರಿನವರೆಲ್ಲ ಬರುತ್ತಿದ್ದರು: ಸರೋವರದಲ್ಲಿ ಮುಳುಗಿದ ಅಣ್ಣತಮ್ಮಂದಿರು, ಜಗಳಗಂಟಿ ಪಕ್ಕದವನು, ಕೊಟ್ಟಿಗೆಯ ಕೆಂಪು ಹಸು. ಏಳು ವರ್ಷದ ತೋರಾ, “ನನ್ನ ಹೆಸರೂ ಹಾಕು” ಎಂದು ಹಟ ಹಿಡಿದಿದ್ದಳು. ಅಜ್ಜ ಹಾಕಿದ. ಕರು ಕಟ್ಟಲು ಹೋಗಿ ಹಗ್ಗ ತನ್ನ ಕಾಲಿಗೇ ಸುತ್ತಿಕೊಂಡ ತೋರಾ, ಸಗಣಿಯಲ್ಲಿ ಕೂತ ತೋರಾ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳು ಅತ್ತುಕೊಂಡು ಮೇಜಿನ ಕೆಳಗೆ ಸೇರಿದಳು. ಅಜ್ಜ ಬಗ್ಗಿ ನೋಡಿ, “ಅಳ್ತೀಯಲ್ಲೇ ಪೆದ್ದಿ. ಸತ್ತ ಅರಸರ ಪದ್ಯ ವರ್ಷಕ್ಕೊಂದ್ಸಲ ಹೇಳ್ತೀವಿ. ನಿನ್ ಹೆಸರು ಇವತ್ತು ಎಷ್ಟು ಸಲ ಅಂದ್ರು, ಎಣಿಸಿದ್ಯಾ?” ಎಂದಿದ್ದ. ಅವಳು ಎಣಿಸಿರಲಿಲ್ಲ. ಮರುದಿನ ಆ ಪದ್ಯ ಇನ್ನೊಮ್ಮೆ ಹೇಳೆಂದು ತಾನೇ ಕೇಳಿದ್ದಳು.

ಕೇಳಬಹುದಿತ್ತು; ಏಳು ವರ್ಷ ಆಗ. ಎಪ್ಪತ್ತೊಂಬತ್ತರಲ್ಲಿ ಬೇಲಿಯ ಬಳಿ ಹೋಗಿ, ನನ್ನ ಹೆಸರು ಕೂಗಿ ಎಂದು ಯಾರನ್ನಾದರೂ ಹೇಗೆ ಕೇಳುವುದು?

ಬುಧವಾರ ಮಧ್ಯಾಹ್ನ ಡೋರೀನ್ ಮತ್ತು ಎಲ್ಮರ್ ಬಂದರು. ಡೋರೀನ್‌ಳ ಕೈಯಲ್ಲಿ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬಿನ ಪಾತ್ರೆ, ಎಲ್ಮರ್‌ನ ಕೈಯಲ್ಲಿ ಕುಂಡದ ಸಮೇತ ಒಂದು ಕೆಂಪು ಹೂವಿನ ಗಿಡ. ಬಾಗಿಲಲ್ಲೇ ಎಲ್ಮರ್ ಬೂಟು ಬಿಚ್ಚಿದ. ಎಡಗಾಲಿನ ಹೆಬ್ಬೆರಳು ಕಾಲುಚೀಲದಿಂದ ಹೊರಗೆ ಇಣುಕುತ್ತಿತ್ತು. ಅದನ್ನು ಇನ್ನೊಂದು ಕಾಲಿನಿಂದ ಮುಚ್ಚಿಕೊಂಡು ಕೂತ.

“ನಮ್ಮಿಂದ ದೊಡ್ಡ ತಪ್ಪಾಯ್ತು ಮಿಸೆಸ್ ಬ್ಯಾರ್ನಾಸನ್,” ಎಂದಳು ಡೋರೀನ್. “ಇನ್ನು ಆ ಮಾತು ನಮ್ಮ ಬಾಯಲ್ಲಿ ಬರಲ್ಲ. ಎಲ್ರೂ ಮಾತು ಕೊಟ್ಟಿದೀವಿ. ಈ ಎಲ್ಮರ್‌ಗೆ ಎರಡು ಸಲ ಜಾರಿ ಬರೋದ್ರಲ್ಲಿತ್ತು, ನಾನೇ ಬಾಯಿ ಮುಚ್ಚಿದೆ.”

“ಕೈಯಲ್ಲಲ್ಲ, ಬ್ಯಾಟಲ್ಲಿ ಮುಚ್ಚಿದ್ಲು,” ಎಂದ ಎಲ್ಮರ್. ತುಟಿ ಸ್ವಲ್ಪ ಊದಿತ್ತು.

ತೋರಾ ಕಾಫಿಗೆ ನೀರಿಟ್ಟಳು. ಪರವಾಗಿಲ್ಲ ಎಂದರೆ ಸುಳ್ಳು. ನೋವಾಯಿತು ಎಂದರೆ ಈ ದೊಡ್ಡ ಗಂಡಸು ಇಲ್ಲೇ ಅತ್ತುಬಿಡುವ ಹಾಗೆ ಕಾಣುತ್ತಿದ್ದ. ಅದಕ್ಕೇ ಬೇರೆ ಏನೋ ಕೇಳಿದಳು.

“ಅದೊಂದೇನಾ? ಇನ್ನೂ ಇದಾವಾ ಅಂಥ ಮಾತು?”

ಇಬ್ಬರೂ ಮುಖ ಮುಖ ನೋಡಿಕೊಂಡರು.

“ಇದಾವೆ,” ಎಂದಳು ಡೋರೀನ್. “ಬಲೆಯ ಪಕ್ಕ ಎರಡೂ ಕಡೆ ಒಂದೊಂದು ಪಟ್ಟಿ ಇದೆಯಲ್ಲ, ಅದಕ್ಕೆ ಅಡುಗೆಮನೆ ಅಂತಾರೆ. ಅದು ನಮ್ದಲ್ಲ, ಪ್ರಪಂಚವೆಲ್ಲ ಹಾಗೇ ಅನ್ನೋದು. ಚೆಂಡು ನೆಲಕ್ಕೆ ಬೀಳೋಕೆ ಮುಂಚೆ ಅದರೊಳಗೆ ನಿಂತು ಹೊಡೀಬಾರ್ದು. ಹಾಗೆ ಯಾರಾದ್ರೂ ಕಾಲಿಟ್ರೆ ನಾವು ‘ಬೂಟು ಬಿಚ್ಚು!’ ಅಂತ ಕೂಗ್ತೀವಿ. ಅದು ನಮ್ದು.”

ತೋರಾಳ ಕಣ್ಣು ಎಲ್ಮರ್‌ನ ಹೆಬ್ಬೆರಳಿನ ಕಡೆ ಹೋಯಿತು. ಅವನು ಅದನ್ನು ಇನ್ನಷ್ಟು ಒಳಗೆಳೆದುಕೊಂಡ.

“ಬಲೆಗೆ ಹೊಡೆದ್ರೆ?”

“ಮೀನು ಬಿತ್ತು.”

“ಯಾವ ಮೀನು?”

ಎಲ್ಮರ್‌ಗೆ ಉತ್ಸಾಹ ಬಂತು. “ಮೆತ್ತಗೆ ಹೊಡೆದಿದ್ರೆ ಪಿಕರಲ್. ಜೋರಾಗಿ ಹೊಡೆದು ಬಲೆಯೇ ಅಲ್ಲಾಡ್ತು ಅಂದ್ರೆ ಜ್ಯಾಕ್‌ಫಿಶ್. ಒಂದೇ ಏಟಲ್ಲಿ ಚೆಂಡು ಎರಡು ಸಲ ಬ್ಯಾಟಿಗೆ ತಾಗಿದ್ರೆ ‘ಡಬಲ್ ಡಬಲ್’, ಕಾಫಿ ಅಂಗಡೀಲಿ ಎರಡು ಕೆನೆ ಎರಡು ಸಕ್ಕರೆಗೆ ಅಂತೀವಲ್ಲ, ಅದೇ. ಆಮೇಲೆ ಚೆಂಡು ಬಲೆ ಮೇಲೆ ತಾಗಿ, ಆ ಕಡೆ ಸತ್ತು ಬಿದ್ದು, ಪಾಯಿಂಟು ನಮಗೇ ಬಂತು ಅನ್ನಿ. ಆಗ ಮರ್ಯಾದೆಗೆ ಸಾರಿ ಅನ್ಬೇಕು. ಅದಕ್ಕೆ ‘ಸುಳ್ಳು ಸಾರಿ’ ಅಂತ ಹೆಸರು. ಬಾಯಲ್ಲಿ ಸಾರಿ, ಹೊಟ್ಟೇಲಿ ಹಬ್ಬ.”

“ಒಂದೂ ಪಾಯಿಂಟಿಲ್ದೆ ಸೋತ್ರೆ ಉಪ್ಪಿನಕಾಯಿ ಹಾಕಿದ್ರು ಅಂತಾರೆ,” ಎಂದಳು ಡೋರೀನ್. “ಎಲ್ಮರ್‌ದು ಈ ಬೇಸಿಗೇಲಿ ಎರಡು ಜಾಡಿ ಆಗಿದೆ.”

ತೋರಾ ನಕ್ಕಳು. ನಗಬೇಕೆಂದಿರಲಿಲ್ಲ, ಕಾಫಿ ಲೋಟದ ಹಿಂದೆ ಮುಖ ಮರೆಮಾಡಿದರೂ ಭುಜ ಕುಲುಕಿತು. ನಗು ನಿಂತ ಮೇಲೆ, ಮೂರು ದಿನದಿಂದ ಗಂಟಲಲ್ಲಿ ಕೂತಿದ್ದುದನ್ನು ಕೇಳಿಯೇಬಿಟ್ಟಳು.

“ನನ್ನ ಹೆಸರು ಮೊದಲು ಅಂದಿದ್ದು ಯಾರು?”

ಎಲ್ಮರ್ ಲೋಟದ ತಳ ನೋಡಿದ. ಡೋರೀನ್ ಪಿರೋಗಿ ಪಾತ್ರೆಯ ಮುಚ್ಚಳವನ್ನು ಸರಿಯಾಗಿದ್ದರೂ ಇನ್ನೊಮ್ಮೆ ಸರಿ ಮಾಡಿದಳು.

“ಹೇಳಿ. ಬೈಯಲ್ಲ.”

“ಸ್ಟೈನಿ,” ಎಂದ ಎಲ್ಮರ್.

ಒಲೆಯ ಮೇಲೆ ಕೆಟಲಿನ ತಳದಲ್ಲಿ ಉಳಿದ ನೀರು ಚುಯ್ಯೆಂದಿತು.

“ಅವರ ಕೊನೇ ಬೇಸಿಗೇಲಿ ಒಂದೇ ಅಂಕಣ ಇತ್ತು, ಆ ತುದೀಲಿ,” ಎಲ್ಮರ್ ನಿಧಾನವಾಗಿ ಹೇಳಿದ. “ಅವರು ಮಡಚೋ ಕುರ್ಚಿ ಹಾಕ್ಕೊಂಡು ಬಂದು ಕೂರ್ತಿದ್ರಲ್ಲ, ಫ್ಲಾಸ್ಕು ಹಿಡ್ಕೊಂಡು. ಆಡೋಕೆ ಉಸಿರು ಸಾಲ್ತಿರ್ಲಿಲ್ಲ, ತೀರ್ಪು ಕೊಡ್ತಿದ್ರು. ನಾನು ಒಂದ್ಸಲ ಹೊಡೆದಿದ್ದು ನೇರ ಇಲ್ಲಿಗೆ ಬಂತು, ಈ ಪಾತಿಗೆ. ತರೋಕೆ ಹೊರಟೆ. ಅವರು ಕೈ ಅಡ್ಡ ಹಿಡಿದು ಏನಂದ್ರು ಗೊತ್ತಾ? ‘ಬಿಡು ಎಲ್ಮರ್, ಅದಿನ್ನು ತೋರಾದು. ಅವಳ ಕೈಗೆ ಹೋದದ್ದು ತಿರುಗಿ ಬರಲ್ಲ. ನನ್ನೇ ನೋಡು, ಐವತ್ತೆರಡು ವರ್ಷ ಆಯ್ತು, ಬಂದಿದೀನಾ?’ ಅಂತ.”

ಡೋರೀನ್ ಹೇಳಿದಳು: “ಅವತ್ತಿಂದ ಬೇಲಿ ದಾಟಿದ್ರೆ ಸಾಕು, ಅವರೇ ಮೊದಲು ಕೂಗೋರು. ಕುರ್ಚಿಯಿಂದ ಎದ್ದು. ಉಸಿರು ಇಲ್ದಿದ್ರೂ ಅದಕ್ಕೆ ಮಾತ್ರ ಎಲ್ಲಿಂದ ಬರ್ತಿತ್ತೋ. ನಾವೆಲ್ಲ ಅವರನ್ನ ನೋಡಿ ಕಲಿತಿದ್ದು. ಅವರ ಹಾಗೇ ಎಳೆದು...” ಎಂದವಳು ಅಷ್ಟಕ್ಕೇ ನಿಲ್ಲಿಸಿದಳು.

ತೋರಾ ಎದ್ದು ಒಲೆಯ ಕಡೆ ತಿರುಗಿ ನಿಂತಳು. ಆ ಬೇಸಿಗೆಯ ಬೆಳಿಗ್ಗೆಗಳಲ್ಲಿ ಅವಳು ಇದೇ ಒಲೆಯ ಮುಂದೆ ಇದ್ದಳು. ಅವನು ಹೊರಗೆ ಕೂತು ಏನು ಮಾತಾಡುತ್ತಾನೆಂದು ಒಂದು ದಿನವೂ ಕೇಳಿರಲಿಲ್ಲ. ಅವನು ಇಪ್ಪತ್ತು ಮಾರು ದೂರದಿಂದ ಅವಳ ಹೆಸರು ಕೂಗುತ್ತಿದ್ದ. ಯಂತ್ರವಿಲ್ಲದ ಕಿವಿಗೆ ಅದು ತಲುಪಿರಲಿಲ್ಲ.

“ಐವತ್ತೆರಡಲ್ಲ, ಐವತ್ಮೂರು,” ಎಂದಳು, ತಿರುಗದ ಹಾಗೇ. “ಲೆಕ್ಕ ಅವನಿಗೆ ಯಾವತ್ತೂ ಬರ್ತಿರ್ಲಿಲ್ಲ.”

ಅವರಿಬ್ಬರೂ ಕಾಫಿ ಮುಗಿಸಿದರು. ಹೊರಡುವಾಗ ಬಾಗಿಲಲ್ಲಿ ಡೋರೀನ್ ಸಮಾಧಾನದ ದನಿಯಲ್ಲಿ, “ಇನ್ನು ನಿಮಗೆ ಯಾವ ಕಾಟವೂ ಇರಲ್ಲ. ಗೋಡೆಗೆ ಸಭೇಲಿ ಒಪ್ಪಿಗೆ ಸಿಕ್ಕಿದೆ. ನಾವು ಮೂವತ್ತೊಂದು ಜನವೂ ಬೇಕು ಅಂತಲೇ ಬರೆದುಕೊಟ್ಟಿದೀವಿ. ನಿಮ್ಮದೊಂದು ಸಹಿ ಬಾಕಿ, ನಾಳೆ ಬೆಳಿಗ್ಗೆ ಕರ್ಟಿಸ್ ಬರ್ತಾನೆ” ಎಂದಳು.

ತೋರಾಗೆ ಏನೋ ಹೇಳಬೇಕಾಗಿತ್ತು. ಎಲ್ಮರ್ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಮೂವತ್ತೊಂದು ಜನ ತನ್ನ ನೆಮ್ಮದಿಗಾಗಿ ಬಾಯಿ ಕಟ್ಟಿಕೊಂಡು, ಸಹಿ ಹಾಕಿ, ಕಡುಬು ಬೇಯಿಸಿ ತಂದಿದ್ದಾರೆ. ಅಂಥವರ ಮುಂದೆ ಏನೆಂದು ಬಾಯಿ ತೆರೆಯುವುದು? “ಪಾತ್ರೆ ತೊಳೆದು ಕಳಿಸ್ತೀನಿ,” ಎಂದಳು.

ಗುರುವಾರ ಹತ್ತು ಗಂಟೆಗೆ ಕರ್ಟಿಸ್ ಬಂದ. ಮೂವತ್ತೈದರ ಆಸುಪಾಸಿನ, ಸೌಮ್ಯ ಮುಖದ ಮನುಷ್ಯ. ಅವನಜ್ಜ ಸ್ಟೈನಿಯ ಜೊತೆ ಒಂದೇ ದೋಣಿಯಲ್ಲಿ ಬಲೆ ಬೀಸಿದವನು. ಬಾಗಿಲು ತೆರೆದ ತೋರಾಳನ್ನು ನೋಡಿ, “ಎಲ್ಲಿಗಾದ್ರೂ ಹೊರಟಿದ್ರಾ ಅಮ್ಮಾ?” ಎಂದ. ಅವಳು ನೀಲಿ ಸ್ವೆಟರ್ ತೊಟ್ಟಿದ್ದಳು.

“ಇಲ್ಲ, ಇಲ್ಲೇ ಇದೀನಿ,” ಎಂದಳು.

ಹಿಂದಿನ ಮೆಟ್ಟಿಲ ಮೇಲಿನ ಪುಟ್ಟ ಜಗುಲಿಯಲ್ಲಿ ಮೇಜು ಇತ್ತು. ಕರ್ಟಿಸ್ ಅಲ್ಲಿ ನಕ್ಷೆ ಹರಡಿ, ಗಾಳಿಗೆ ಹಾರದಂತೆ ಎಲ್ಮರ್ ತಂದ ಹೂಕುಂಡವನ್ನು ಅದರ ಮೇಲಿಟ್ಟ. ಈ ತುದಿಯಿಂದ ಆ ತುದಿಗೆ ಹನ್ನೆರಡಡಿ. ಒಳಗೆ ಸದ್ದು ಹೀರುವ ದಪ್ಪ ಹೊದಿಕೆ. ಮೇಲೆ ಇನ್ನೂ ಆರಡಿ ಬಲೆ. ಅವಳ ಜಾಗಕ್ಕೆ ಒಂದಡಿ ತಾಗುತ್ತದಾದ್ದರಿಂದ ಅವಳ ಒಪ್ಪಿಗೆ ಬೇಕು. ಕೆಲಸದವರು ಸೋಮವಾರವೇ ಬರುತ್ತಾರೆ. ಅವನು ಹೇಳುತ್ತಿದ್ದ, ಅವಳು ಬೇಲಿಯ ಕಡೆ ನೋಡುತ್ತಿದ್ದಳು. ಬೇಲಿಯಾಚೆ ಹದಿನಾರು ಜನ ಆಡುತ್ತಿದ್ದರು, ಚರ್ಚಿನಲ್ಲಿ ಕೂತವರ ಹಾಗೆ ಬಾಯಿ ಬಿಗಿದುಕೊಂಡು.

ಟಕ್. ಟೊಕ್. ಆಮೇಲೆ ಆ ಏಟು.

ಹಳದಿ ಚೆಂಡು ಮೇಲೆ ಹೋಯಿತು, ಸರೋವರದ ಗಾಳಿಗೆ ತುಸು ತೇಲಿತು, ಬೇಲಿ ದಾಟಿತು, ರೂಬಾರ್ಬ್ ಎಲೆಯೊಂದನ್ನು ಹರಿದುಕೊಂಡು ಒಳಗೆ ಸೇರಿತು. ಅಂಕಣದಲ್ಲಿ ಎಲ್ಲರೂ ನಿಂತಲ್ಲೇ ನಿಂತರು. ಎಲ್ಮರ್ ತನ್ನ ಬಾಯಿಗೆ ತಾನೇ ಬ್ಯಾಟು ಅಡ್ಡ ಹಿಡಿದುಕೊಂಡ. ಡೋರೀನ್‌ಳ ಕೆನ್ನೆ ಎರಡೂ ಉಬ್ಬಿದ್ದವು. ಗಾಳಿಗೆ ನಕ್ಷೆಯ ಅಂಚು ಪಟಪಟನೆ ಬಡಿಯುವುದು ಮಾತ್ರ ಕೇಳಿಸುತ್ತಿತ್ತು.

ತೋರಾ ಜಗುಲಿಯ ಕಟಾಂಜನ ಹಿಡಿದು ಎದ್ದಳು. ಎದೆ ತುಂಬ ಉಸಿರೆಳೆದುಕೊಂಡಳು.

“ತೋ...ರಾ!”

ಮೊದಲಕ್ಷರವನ್ನು ಎಳೆದು, ಎರಡನೆಯದನ್ನು ಎಸೆದು. ಅಷ್ಟು ದೊಡ್ಡ ದನಿ ತನ್ನೊಳಗೆ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಕರ್ಟಿಸ್ ಬೆಚ್ಚಿ ಪೆನ್ನು ಬೀಳಿಸಿದ.

ಬೇಲಿಯಾಚೆ ಎಲ್ಮರ್ ಬಾಯಿಂದ ಬ್ಯಾಟು ಇಳಿಸಿದ. ಆಮೇಲೆ ಡೋರೀನ್‌ಳ ಕೆನ್ನೆಯಲ್ಲಿದ್ದುದೆಲ್ಲ ಒಮ್ಮೆಲೇ ಹೊರಬಿತ್ತು. “ತೋರಾ!” ಎಂದು ಬಸ್ಸಿನ ಹಿಂದಿನ ಸೀಟಿಗಲ್ಲ, ಸರೋವರದ ಆಚೆ ದಡಕ್ಕೇ ಕೇಳಿಸುವ ಹಾಗೆ ಕೂಗಿದಳು. ಎಲ್ಮರ್ ಕೂಗಿದ. ನಾಲ್ಕೂ ಅಂಕಣದವರು ಕೂಗಿದರು, ಸರದಿಗೆ ಬೆಂಚಿನಲ್ಲಿ ಕಾದು ಕೂತವರೂ ಎದ್ದು ನಿಂತು ಕೂಗಿದರು. ಆಮೇಲೆ ನಗು, ಮೂರು ದಿನದ ಬಾಕಿಯೆಲ್ಲ ಸೇರಿಸಿ.

“ಈ ವಾರ ಇದು ನಾಲ್ಕನೇದು ಎಲ್ಮರ್!” ಯಾರೋ ಹೇಳಿದರು.

“ಸಾರಿ ಮಿಸೆಸ್ ಬ್ಯಾರ್ನಾಸನ್!” ಎಂದು ಎಲ್ಮರ್ ಟೋಪಿ ಎತ್ತಿದ.

“ಸುಳ್ಳು ಸಾರಿ!” ಎಂದಳು ತೋರಾ.

ಕರ್ಟಿಸ್ ಬಗ್ಗಿ ಪೆನ್ನು ಹುಡುಕಿ, ಅದರ ಧೂಳು ಒರೆಸಿ ಮೇಲೆದ್ದ. ಪಾಪ, ಅವನಿಗೆ ಒಂದೂ ಅರ್ಥವಾಗಿರಲಿಲ್ಲ. ಬೇಲಿಯ ಕಡೆ ಒಮ್ಮೆ, ತೊಟ್ಟಿಯಲ್ಲಿ ತುಂಬಿದ ಚೆಂಡುಗಳ ಕಡೆ ಒಮ್ಮೆ ನೋಡಿ, ಅವಳ ಕಷ್ಟ ಈಗ ಕಣ್ಣಾರೆ ಕಂಡವನಂತೆ ತಲೆಯಾಡಿಸಿದ.

“ಇದನ್ನೆಲ್ಲ ದಿನಾ ಸಹಿಸಿಕೊಂಡಿದೀರಲ್ಲ ಅಮ್ಮಾ. ಸೋಮವಾರದಿಂದ ಒಂದು ಚೆಂಡು ಬರಲ್ಲ, ಒಂದು ಕೂಗು ಕೇಳ್ಸಲ್ಲ.” ಕಾಗದವನ್ನು ಅವಳ ಕಡೆ ಸರಿಸಿ, ಅಡಿಯ ಗೆರೆಯ ಮೇಲೆ ಬೆರಳಿಟ್ಟು, ಪೆನ್ನು ಚಾಚಿದ. “ಇಲ್ಲೊಂದು ಸಹಿ ಹಾಕ್ಬಿಡಿ.”

“ಹಾಕಲ್ಲ,” ಎಂದಳು ತೋರಾ.